ಹಸಿರುಗುಡ್ಲಿನಿಂದ ಬಂದ ಉತ್ತರಪತ್ರಿಕೆ

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಯ ಮಾತು. ನಾನು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೊರಟ ಸೋಮವಾರ ಇಪ್ಪತ್ತನಾಲ್ಕು ಮೈಲಿಗೆ ನಾಲ್ಕು ಗಂಟೆ ಹಿಡಿಯಿತು. ಕಂಡಕ್ಟರು ಹನ್ನೆರಡಾಣೆ ಎಣಿಸಿಕೊಂಡ ಮೇಲೆ ಎರಡು ಕಡೆ ಏರಿನಲ್ಲಿ ನಮ್ಮನ್ನು ಇಳಿಸಿ ಬಸ್ಸು ತಳ್ಳಿಸಿದ. ಹೆಂಗಸರು ತಳ್ಳಬೇಕಾಗಿಲ್ಲ, ಹಿಂದೆ ನಡೆದು ಬಂದರೆ ಸಾಕು ಎಂದು ದೊಡ್ಡ ಮನಸ್ಸು ಮಾಡಿದ.

ನಾನು ಹೊರಟದ್ದು ಪಾರ್ವತಕ್ಕನ ಹೆಸರಿನ ಕೆಲಸಕ್ಕೆ. ಆಕೆ ತೀರಿಕೊಂಡು ಆಗ ವರ್ಷ ತುಂಬುತ್ತಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಪಾರ್ವತಕ್ಕ ಇಪ್ಪತ್ತು ವರ್ಷಕ್ಕೂ ಮೇಲೆ, ಒಂದು ಕಾಸು ಸಂಬಳವಿಲ್ಲದೆ, ಜಿಲ್ಲೆಯ ಊರೂರು ತಿರುಗಿ ಹೆಣ್ಣುಮಕ್ಕಳ ಬಾಲಿಕಾ ದಳಗಳನ್ನು ಕಟ್ಟಿದಾಕೆ. ಕವಾಯತು, ಹಗ್ಗದ ಗಂಟು, ಗಾಯಕ್ಕೆ ಪಟ್ಟಿ ಕಟ್ಟುವುದು, ತುಂಬಿದ ಹಳ್ಳ ದಾಟುವುದು, ಎಲ್ಲವನ್ನೂ ಕಲಿಸಿದಳು. ಬದುಕಿರುವಾಗ ಆಕೆ ಬಂದರೆ ಕೂರಲು ಕುರ್ಚಿ ಹಾಕದಿದ್ದ ಹಾಸನದ ದೊಡ್ಡ ಮನುಷ್ಯರು ಸತ್ತ ಮೇಲೆ ಒಂದು ಸಮಿತಿ ಮಾಡಿ ಆಕೆಯ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಟ್ಟರು. ದಳದ ಒಬ್ಬ ಹುಡುಗಿಗೆ ಹಾಸನದ ಹೈಸ್ಕೂಲಿನ ಫೀಜು, ಹಾಸ್ಟೆಲಿನ ಊಟ, ಪೂರ್ತಿ ಓದು ಮುಗಿಯುವ ತನಕ. ಪಾರ್ವತಕ್ಕನ ಶಿಷ್ಯೆ, ಈಗ ಹಾಸನದಲ್ಲಿ ಉಪಾಧ್ಯಾಯಿನಿ ಎಂದು ಪರೀಕ್ಷೆ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಐದು ಗಂಟು, ಒಂದು ಪಟ್ಟಿ, ಒಂದು ಪುಟದ ಪ್ರಬಂಧ, ಎಲ್ಲವೂ ನನ್ನ ಕಣ್ಣೆದುರಿಗೇ ಆಗಬೇಕು. ಗೆದ್ದವಳ ಉತ್ತರಪತ್ರಿಕೆಯನ್ನು ವರ್ಷದ ದಿನ ಪಾರ್ವತಕ್ಕನ ಪಟದ ಮುಂದೆ ಹೂವಿನ ಜೊತೆ ಇಡಬೇಕು. ಇದು ಸಮಿತಿಯ ಅಧ್ಯಕ್ಷರ, ಅಂದರೆ ನಿವೃತ್ತ ಅಮಲ್ದಾರರೊಬ್ಬರ, ಆಲೋಚನೆ.

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿಯವರ ಮಗಳನ್ನು ನೋಡಿದೆ. ಮನೆಯಲ್ಲಿ ತುಪ್ಪ ಸುರಿದ ಉಪ್ಪಿಟ್ಟು, ಬೆಲ್ಲದ ಕಾಫಿ. ಹುಡುಗಿ ಎರಡು ಗಂಟು ಹಾಕಿ ಮೂರನೆಯದಕ್ಕೆ ಅಪ್ಪನ ಮುಖ ನೋಡಿದಳು. ಮಾಘದಲ್ಲಿ ಅವಳ ಮದುವೆ. ಹಾಗಾದರೆ ಹಾಸನಕ್ಕೆ ಓದಲು ಬರುವುದು ಹೇಗೆ ಎಂದು ಕೇಳಿದೆ. ಬರುವುದಿಲ್ಲ, ಪ್ರಶಸ್ತಿ ಪತ್ರ ಒಂದಿದ್ದರೆ ಬೀಗರ ಮನೆಯಲ್ಲಿ ಗೋಡೆಗೆ ಹಾಕಿಕೊಳ್ಳುತ್ತಾರೆ ಎಂದು ಅಪ್ಪ ಸಂಕೋಚವಿಲ್ಲದೆ ಹೇಳಿದರು. ಹುಡುಗಿ ತಲೆ ಎತ್ತಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ, ಉಪ್ಪಿಟ್ಟಿನ ತಟ್ಟೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದೆ.

ಮಂಗಳವಾರ ಹೊಳೆನರಸೀಪುರ. ಬಿಸಿಲು ಸುಡುತ್ತಿತ್ತು. ದಳದ ಇಬ್ಬರು ಹುಡುಗಿಯರು ಬರಬೇಕಾಗಿತ್ತು, ಬಂದದ್ದು ಅವರ ಅಪ್ಪಂದಿರು. ಒಬ್ಬರು ದೇವಸ್ಥಾನದ ಬೀದಿಯವರು, ಹಾಸ್ಟೆಲಿನಲ್ಲಿ ಅಡಿಗೆ ಮಾಡುವವರು ಯಾರು ಎಂದು ವಿಚಾರಿಸಿದರು. ಇನ್ನೊಬ್ಬರು ಅಂಗಡಿಯವರು, ಊಟಕ್ಕೆ ಪಕ್ಕದಲ್ಲಿ ಕೂರುವವರು ಯಾರು ಎಂದು ವಿಚಾರಿಸಿದರು. ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಇಬ್ಬರೂ ಕೇಳಲಿಲ್ಲ. ಆ ರಾತ್ರಿ ಪರಿಚಯದ ಉಪಾಧ್ಯಾಯಿನಿಯೊಬ್ಬರ ಮನೆಯಲ್ಲಿ ಉಳಿದು ಬೆಳಗಿನ ಬಸ್ಸು ಹಿಡಿದೆ.

ಹಳ್ಳಿಮೈಸೂರಿನಲ್ಲಿ ಬಸ್ಸಿನ ಒಲೆಯ ಬೂದಿ ತೆಗೆಯುತ್ತ ಮುಕ್ಕಾಲು ಗಂಟೆ ನಿಲ್ಲಿಸಿದರು. ಅರಕಲಗೂಡು ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅಲ್ಲಿ ನೋಡಬೇಕಾಗಿದ್ದವಳು ಪುಟ್ಟಲಕ್ಷ್ಮಿ, ಪಾರ್ವತಕ್ಕನ ಕೊನೆಯ ತಂಡದ ಹುಡುಗಿ. ಊರಾಚೆ ಒಂದು ಮೈಲಿ ನಡೆದು, ಹೊಗೆಸೊಪ್ಪಿನ ಹೊಲ ದಾಟಿ, ಅವಳ ಅಪ್ಪ ಕರೀಗೌಡರ ಮನೆ ಮುಟ್ಟಿದೆ. ಅಂಗಳದಲ್ಲಿ ತೆಂಗಿನ ಗರಿ, ಅತ್ತಿಸೊಪ್ಪು ಕಟ್ಟಿದ ಹಸಿರುಗುಡ್ಲು ಕಂಡಿತು. ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿ ಮೈನೆರೆದಿದ್ದಳು. ಸೋದರಮಾವ ಬಂದು ಗುಡ್ಲು ಕಟ್ಟಿ ಅವಳನ್ನು ಒಳಗೆ ಕೂರಿಸಿ ಮೂರು ದಿನವಾಗಿತ್ತು. ಒಂಬತ್ತನೆಯ ದಿನ ಗುಡ್ಲು ಸುಟ್ಟು ಅವಳನ್ನು ಮನೆಯೊಳಗೆ ಸೇರಿಸಿಕೊಳ್ಳುವುದು ಪದ್ಧತಿ.

ನಾನು ಬಂದ ಕಾರಣ ಹೇಳಿದ ಕೂಡಲೇ ಅಜ್ಜಿ ಅಡ್ಡ ನಿಂತಳು. ಈ ಸ್ಥಿತಿಯಲ್ಲಿ ಪುಸ್ತಕ, ಕಾಗದ ಮುಟ್ಟಿದರೆ ಸರಸ್ವತಿಗೆ ಮೈಲಿಗೆ, ಒಂಬತ್ತು ದಿನ ಆಗಲಿ, ಆಮೇಲೆ ಬಾ ಎಂದಳು. ಕರೀಗೌಡರು ನನ್ನನ್ನು ಹೊಗೆಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ನಿನ ಪಕ್ಕಕ್ಕೆ ಕರೆದುಕೊಂಡು ಹೋದರು. ಗುಡ್ಲು ಕಟ್ಟಿದ ಭಾವಮೈದನೇ ಹುಡುಗಿಯನ್ನು ತನ್ನ ಮಗನಿಗೆ ಕೇಳುತ್ತಿದ್ದ. ಓದಿಸುತ್ತೇನೆಂದು ಇವರು ಪಾರ್ವತಕ್ಕನಿಗೆ ಮಾತು ಕೊಟ್ಟಿದ್ದರು.

"ಗುಡ್ಲು ಸುಡಾ ದಿನ ಅವನು ಬಾಯ್ಬುಟ್ಟು ಕೇಳ್ತಾನೆ ಅಮ್ಮಾವ್ರೆ," ಅಂದರು. "ಅಷ್ಟ್ರೊಳಗೆ ಆಸನದಿಂದ ನಿಮ್ ಕಾಗ್ದ ಬಂದ್ರೆ ನಂಗೂ ಒಂದ್ ಮಾತಿರ್ತದೆ. ಇಲ್ದಿದ್ರೆ ಏನಂತ ಯೋಳ್ಲಿ?"

ವರ್ಷದ ದಿನಕ್ಕೆ ಉಳಿದದ್ದೂ ಹತ್ತೇ ದಿನ. ಮತ್ತೆ ಬರುವ ಹಾಗಿರಲಿಲ್ಲ. ಮುಂದೇನು ಮಾಡಬೇಕೆಂದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ನಾನು ಮೈನೆರೆದು ಇಂಥದೇ ಗುಡ್ಲಿನಲ್ಲಿ ಕೂತಿದ್ದಾಗ ಪಾರ್ವತಕ್ಕ ಹೊರಗಡೆ ಚಾಪೆ ಹಾಕಿಕೊಂಡು ಸೊಪ್ಪಿನ ಸಂದಿಯಿಂದಲೇ ಒಂಬತ್ತು ದಿನ ಲೆಕ್ಕ ಹೇಳಿಕೊಟ್ಟಿದ್ದಳು. ನಾನು ಮಿಡಲ್‌ಸ್ಕೂಲು ಪಾಸಾದದ್ದು ಹಾಗೆ. ಅಂಗಳಕ್ಕೆ ಹೋಗಿ ಒಂದು ಚಾಪೆ ಕೇಳಿದೆ. ಅಜ್ಜಿ ಮತ್ತೆ ತಡೆದಾಗ ಅಲ್ಲಿವರೆಗೂ ಬಾಯಿಬಿಡದ ಹುಡುಗಿಯ ತಾಯಿ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಬರೀಲಿ ಬುಡಿ ಅತ್ತೆ," ಅಂದಳು. "ಇವತ್ತು ಬರೀದಿದ್ರೆ ಇನ್ಯಾವತ್ತೂ ಬರಿಯಾಕಿಲ್ಲ ಅದು."

ಹಗ್ಗವನ್ನು ಗರಿಯ ಕೆಳಗೆ ಸರಿಸಿದೆ. ಐದು ಗಂಟೂ ಸರಿಯಾಗಿ ಬಿದ್ದು ಹೊರಗೆ ಬಂದವು. ಪಟ್ಟಿಯನ್ನು ಹುಡುಗಿ ತನ್ನ ಮೊಣಕಾಲಿಗೇ ಕಟ್ಟಿ ಸೊಪ್ಪು ಸರಿಸಿ ತೋರಿಸಿದಳು. ಪಾರ್ವತಮ್ಮನವರ ಆದರ್ಶ ಎಂಬುದು ಸಮಿತಿ ಕೊಟ್ಟ ಪ್ರಬಂಧದ ವಿಷಯ. ಅವಳ ಕಾಗದದಲ್ಲಿ ಆದರ್ಶದ ಮಾತು ಒಂದೂ ಇರಲಿಲ್ಲ. "ಅಕ್ಕ ಬಂದ ದಿನ ನಾವು ಯಾರೂ ಅಡಿಗೆಮನೆಯಲ್ಲಿ ಇರುತ್ತಿರಲಿಲ್ಲ. ನಮ್ಮನ್ನು ಹೆಸರು ಹಿಡಿದು ಕೂಗುತ್ತಿದ್ದರು. ನಮ್ಮ ಮನೆಯಲ್ಲಿ ಕೆಲಸಕ್ಕಲ್ಲದೆ ಯಾರೂ ನನ್ನನ್ನು ಕೂಗುವುದಿಲ್ಲ" ಎಂದು ಬರೆದಿದ್ದಳು. ಓದಿ ನಾನು ಅಲ್ಲೇ ಅತ್ತೆ. ಆ ತಾಯಿ ತಂದುಕೊಟ್ಟ ಎಳ್ಳಿನ ಚಿಗಳಿಯನ್ನು ಅಳುತ್ತಲೇ ತಿಂದೆ.

ಗುರುವಾರ ಬೆಳಗ್ಗೆ ಗೊರೂರಿನ ಮೇಲೆ ಹಾಸನಕ್ಕೆ ಹೊರಟೆ. ಗೊರೂರಿನಲ್ಲಿ ಬಸ್ಸು ಮತ್ತೆ ನಿಂತಾಗ ಹೇಮಾವತಿಯಲ್ಲಿ ಮುಖ ತೊಳೆದು, ಮರದ ಕೆಳಗೆ ಕೂತು ಸಮಿತಿಗೆ ವರದಿ ಬರೆದೆ. ಪುಟ್ಟಲಕ್ಷ್ಮಿಗೆ ಸಮಾನರು ಯಾರೂ ಇಲ್ಲ ಎಂದು ಬರೆದು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಪೆದ್ದಿ, ಗುಡ್ಲಿನ ಸಂಗತಿಯನ್ನೂ ಸಂಭ್ರಮದಿಂದ ಒಂದು ಪುಟ ಬರೆದೆ. ಪಾರ್ವತಕ್ಕನ ದಾರಿ ಇನ್ನೂ ಉಳಿದಿದೆ ಎಂದು ಸಮಿತಿಯವರು ಸಂತೋಷಪಡುತ್ತಾರೆ ಅಂದುಕೊಂಡಿದ್ದೆ.

ಶನಿವಾರ ಅಧ್ಯಕ್ಷರ ಮನೆಯಲ್ಲಿ ಸಭೆ. ವರದಿಯನ್ನು ಜೋರಾಗಿ ಓದುತ್ತಿದ್ದ ಅಧ್ಯಕ್ಷರು ಆ ಪುಟಕ್ಕೆ ಬಂದು ನಿಲ್ಲಿಸಿದರು. ಮುಂದಿದ್ದ ಉತ್ತರಪತ್ರಿಕೆಯಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು. ಇಂಥ ಕಾಗದವನ್ನು ಪಟದ ಮುಂದೆ, ಹೂವಿನ ಪಕ್ಕದಲ್ಲಿ ಇಡುವುದು ಹೇಗೆ ಎಂದು ಕೇಳಿದರು. ಪಟದ ಮುಂದೆ ಇಡದಿದ್ದರೆ ಬೇಡ, ಹುಡುಗಿಯನ್ನು ಓದಿಸಿದರೆ ಸಾಕು ಎಂದೆ. ನಿಯಮ ನಿಯಮವೇ ಅಂದರು. ಪಾರ್ವತಕ್ಕ ಮಾಡುತ್ತಿದ್ದದ್ದೂ ಇದನ್ನೇ, ನಾನೇ ಸಾಕ್ಷಿ ಎಂದೆ.

"ಇದ್ದೀತು," ಅಂದರು ಅಧ್ಯಕ್ಷರು. "ಅದನ್ನ ವರ್ಷದ ದಿನ ಜನರ ಎದುರಿಗೆ ಹೇಳಬೇಡಿ. ಆಕೆ ಹೆಸರು ಕೆಡುತ್ತೆ."

ಉಳಿದವರು ತಾಂಬೂಲದ ತಟ್ಟೆ ನೋಡುತ್ತ ಕೂತಿದ್ದರು. ವಿದ್ಯಾರ್ಥಿವೇತನ ಮಾಘದಲ್ಲಿ ಮದುವೆಯಾಗುವ ಚನ್ನರಾಯಪಟ್ಟಣದ ಹುಡುಗಿಗೆ ಎಂದು ತೀರ್ಮಾನವಾಯಿತು. ಅಧ್ಯಕ್ಷರ ಮನೆಯ ಆಳು ಪುಟ್ಟಲಕ್ಷ್ಮಿಯ ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ತೆಗೆದುಕೊಂಡು ಹೋದ. ಬಚ್ಚಲೊಲೆ ಉರಿಯುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ತೀರ್ಮಾನದ ಪುಸ್ತಕ ನನ್ನ ಕಡೆಗೂ ಬಂತು. ಸಹಿ ಹಾಕದಿದ್ದರೆ ನನ್ನ ಕೆಲಸ ಹೋಗುತ್ತಿತ್ತೋ ಇಲ್ಲವೋ ತಿಳಿಯದು. ತಿಳಿದುಕೊಳ್ಳುವ ಧೈರ್ಯ ಬರಲಿಲ್ಲ. ಸಹಿ ಹಾಕಿದೆ. ಅರಕಲಗೂಡಿಗೆ ಕಾಗದ ಬರೆಯಲು ಭಾನುವಾರವೂ ಕೈ ಬರಲಿಲ್ಲ, ಸೋಮವಾರವೂ ಬರಲಿಲ್ಲ.

ಒಂಬತ್ತನೆಯ ದಿನ, ಮಂಗಳವಾರ, ಮೊದಲ ಬಸ್ಸಿಗೆ ಕರೀಗೌಡರೇ ನಮ್ಮ ಸ್ಕೂಲಿನ ಗೇಟಿಗೆ ಬಂದರು. ಒಗೆದ ಅಂಗಿ ತೊಟ್ಟಿದ್ದರು, ಅದರ ತುಂಬ ಇದ್ದಿಲಿನ ಮಸಿ. ಸಾಯಂಕಾಲ ಗುಡ್ಲು ಸುಡಬೇಕು, ಭಾವಮೈದ ಆಗಲೇ ಬಂದು ಕೂತಿದ್ದಾನೆ ಎಂದರು. ಆಗಲಿಲ್ಲ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ದೊಡ್ಡವರು ಇಲ್ಲ ಅಂದದ್ದಕ್ಕೆ ಕಾರಣ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಟವಲಿನಿಂದ ಕತ್ತು ಒರೆಸಿಕೊಂಡರು.

"ಓಗ್ಲಿ, ಆ ಪರೀಕ್ಸೆ ಆಳೇನಾರ ಕೊಡಿ ಅಮ್ಮಾವ್ರೆ," ಅಂದರು. "ಬರ್ದಿದ್ದನ್ನ ಇಸ್ಕಂಡ್ ಬಾ ಅಂದವ್ಳೆ ಅವರವ್ವ. ಮಡಿಕ್ಕತಾಳಂತೆ."

ನಿಜ ಬರೆದು ಅವರ ಮಗಳ ಬಾಳು ಕೆಡಿಸಿದವಳು ನಾನು. ಆ ಹಾಳೆ ಸಮಿತಿಯ ಪೆಟ್ಟಿಗೆಯಲ್ಲಿದೆ, ಕೊಡುವ ಪದ್ಧತಿ ಇಲ್ಲ ಎಂದು ತಡವರಿಸದೆ ಹೇಳಿದೆ. ಕರೀಗೌಡರ ಮುಖ ಮೊದಲ ಸಲ ಸ್ವಲ್ಪ ಅರಳಿತು.

"ಅಂಗಾರೆ ಅಲ್ಲೇ ಇರ್ಲಿ ಬುಡಿ," ಅಂದರು. "ಆಸನದಾಗೆ ಅವಳದೊಂದು ಇದ್ದಂಗಾಯ್ತು."

ಕೈಮುಗಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ತಿರುವಿನಲ್ಲಿ ಮರೆಯಾಗುವ ತನಕ ನಾನು ಗೇಟು ಹಿಡಿದುಕೊಂಡು ನಿಂತಿದ್ದೆ. ಕರೆದು ನಿಜ ಹೇಳಲಿಲ್ಲ.