ಎರಡು ಪೊಟ್ಟಣ, ಒಂದು ಗಂಟು

ಕೆಂಪು ಕಣಗಿಲೆ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೂವಿನ ತಪ್ಪಲ್ಲ. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಯಾವ ಬಾವಿಕಟ್ಟೆಯ ಬಳಿ ನೋಡಿದರೂ ಅದು ಕೇಳುವವರಿಲ್ಲದೆ ಬೆಳೆದು ನಿಂತಿರುತ್ತದೆ. ಆದರೆ ಗಣಿತದಲ್ಲಿ ಬಿ.ಎ. ಪಾಸು ಮಾಡಿದ ಮನುಷ್ಯ, ಅದೂ ಆ ಬೀದಿಗೇ ಮೊದಲನೆಯ ಬಿ.ಎ., ಒಂದು ಹೂವಿನೆದುರು ಕಳ್ಳನ ಹಾಗೆ ಬಾಯಿ ಮುಚ್ಚಿಕೊಂಡು ನಿಂತನಲ್ಲ, ಆ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಷ್ಟೆ.

ಬಿ.ಎ. ಎಂಬುದನ್ನು ಆಗಲೇ ಎರಡು ಸಲ ಹೇಳಿದೆ, ಇನ್ನೂ ಹೇಳುತ್ತೇನೆ. ಕಷ್ಟಪಟ್ಟು ಗಳಿಸಿದ್ದನ್ನು ಹೇಳಿಕೊಳ್ಳಲು ನಾಚಿಕೆಯೇಕೆ? ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಬಲಗೈಯಲ್ಲಿ ರಾಟೆ ತಿರುಗಿಸುತ್ತ, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಓದಿದವನು. ಪುಟ ತಿರುಗಿಸಿದಾಗಲೆಲ್ಲ ನೂಲು ಹರಿಯುತ್ತಿತ್ತು. ಹರಿದದ್ದನ್ನು ಗಂಟು ಹಾಕುವವಳು ತಂಗಿ ಗೌರಿ. ನೇಕಾರರ ಗಂಟು ಎಂದರೆ ಸಾಸಿವೆಕಾಳಿಗಿಂತ ಸಣ್ಣದು, ಬೆರಳಾಡಿಸಿದರೂ ತಿಳಿಯಬಾರದು. ಗೌರಿ ಅದನ್ನು ಕಣ್ಣುಮುಚ್ಚಿ ಹಾಕುತ್ತಾಳೆ. ನನಗೋ ಕಾಲೇಜು ಸೇರಿದ ಮೇಲೆ ಅದು ಮರೆತೇ ಹೋಯಿತು. ಈಗ ನಾನು ಹಾಕುವುದು ಮೂಟೆ ಕಟ್ಟುವವರ ಗಂಟು.

ಕಾಲೇಜಿನಲ್ಲಿ ನನ್ನ ಮನಸ್ಸು ಗೆದ್ದದ್ದು ಸಂಭವಗಣಿತ. ಪರದೇಶದ ಜೂಜುಕೋರರು ತಾವೇಕೆ ಸೋಲುತ್ತೇವೆಂದು ಪಂಡಿತರನ್ನು ಕೇಳಿದ್ದರಿಂದ ಅದು ಹುಟ್ಟಿತಂತೆ. ನಮ್ಮ ಪುರಾಣದ ಅರಸರೂ ಪಗಡೆಯಲ್ಲಿ ರಾಜ್ಯ ಕಳೆದುಕೊಂಡರು. ಆದರೆ ಅವರು ಕಾಡಿಗೆ ಹೋದರೇ ಹೊರತು ಲೆಕ್ಕದ ಮೇಷ್ಟರ ಹತ್ತಿರ ಹೋಗಲಿಲ್ಲ. ಈ ಗಣಿತದಲ್ಲಿಯೂ ಎಕ್ಸ್ ಎಂಬ ಅಕ್ಷರ ಬರುತ್ತದೆ. ಬೀಜಗಣಿತದ ಎಕ್ಸ್ ಪಾಪದ ಪ್ರಾಣಿ. ಎಲ್ಲೋ ಅಡಗಿ ಕೂತಿರುತ್ತದೆ, ಹುಡುಕಿದರೆ ಸಿಕ್ಕುತ್ತದೆ. ಈ ಎಕ್ಸ್ ಹಾಗಲ್ಲ. ದಾಳ ಉರುಳಿ ನಿಲ್ಲುವ ತನಕ ತನ್ನ ಬೆಲೆ ಎಷ್ಟೆಂದು ಅದಕ್ಕೇ ಗೊತ್ತಿರುವುದಿಲ್ಲ. ಒಂದಾಗಬಹುದು, ಆರಾಗಬಹುದು, ಯಾವುದಕ್ಕೆ ಎಷ್ಟು ಸಂಭವ ಎಂದಷ್ಟೇ ನಾವು ಹೇಳಬಲ್ಲೆವು. ಪುಸ್ತಕದ ಒಂದೊಂದು ಲೆಕ್ಕವೂ ‘ದಾಳದಲ್ಲಿ ಮೋಸವಿಲ್ಲವೆಂದು ಭಾವಿಸಿ’ ಎಂದು ಶುರುವಾಗುತ್ತಿತ್ತು. ನಾನೂ ಓದು ಮುಗಿಯುವ ತನಕ ಭಾವಿಸಿದೆ.

ಇಷ್ಟು ಕಲಿತು ಮನೆಗೆ ಬಂದರೆ, ಮನೆಯಲ್ಲಿ ನಡೆಯುವುದು ಹೂವಿನ ಆಡಳಿತ! ಯಾವ ತೀರ್ಮಾನವಾಗಬೇಕಾದರೂ ಒಂದು ಬಾಳೆಯೆಲೆಯ ಪೊಟ್ಟಣದಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು. ಎರಡನ್ನೂ ನೂಲಿನಿಂದ ಕಟ್ಟಿ ಚೌಡಮ್ಮನ ಪಾದದ ಬಳಿ ಇಡುವುದು. ಪೂಜಾರಿ ಕಣ್ಣುಮುಚ್ಚಿ ಒಂದನ್ನು ಎತ್ತಿ ಬಿಚ್ಚುವುದು. ಬಿಳಿ ಬಂದರೆ ದೇವಿಯ ಒಪ್ಪಿಗೆ, ಕೆಂಪು ಬಂದರೆ ಇಲ್ಲ. ಸರಿಯಾಗಿ ಅರ್ಧಕ್ಕರ್ಧ. ಅದಾದರೂ ಒಂದು ಸಲ ಕೇಳಿ ಸುಮ್ಮನಾಗುತ್ತಾರೆಯೆ? ಕೆಂಪು ಬಂದರೆ ಅವ್ವ “ಅಮ್ಮ ಕ್ವಾಪದಾಗವ್ಳೆ” ಎಂದು ಇನ್ನೊಂದು ಕರ್ಪೂರ ಹಚ್ಚಿ ಮತ್ತೆ ಕೇಳುತ್ತಾಳೆ. ಮೂರು ಸಲದವರೆಗೆ ಕೇಳಬಹುದೆಂದು ಕಟ್ಟಳೆಯಂತೆ. ಯಾರು ಮಾಡಿದ ಕಟ್ಟಳೆಯೋ!

ಒಂದು ದಿನ ತಾಳ್ಮೆಗೆಟ್ಟು ಅವ್ವನಿಗೆ ಪಾಠ ಹೇಳಲು ಕೂತೆ. ಅವಳ ಅಡುಗೆಮನೆಯ ಹುಣಸೆಬೀಜಗಳನ್ನೇ ನೆಲದ ಮೇಲೆ ಜೋಡಿಸಿದೆ. ಮೂರು ಸಲ ಕೇಳಿದರೆ ಎಷ್ಟು ಬಿಳಿ ಬರುತ್ತದೋ ಅದೇ ನಮ್ಮ ಎಕ್ಸ್. ಎಂಟು ದಾರಿಗಳಿವೆ. ಒಂದರಲ್ಲಿ ಮೂರೂ ಬಿಳಿ, ಮೂರರಲ್ಲಿ ಎರಡು ಬಿಳಿ, ಇನ್ನು ಮೂರರಲ್ಲಿ ಒಂದೇ ಬಿಳಿ, ಉಳಿದ ಒಂದೇ ಒಂದರಲ್ಲಿ ಬಿಳಿಯೇ ಇಲ್ಲ. ಅವ್ವ ಬೀಜಗಳನ್ನು ಬಹಳ ಹೊತ್ತು ನೋಡಿದಳು.

“ಅಂಗಾದ್ರೆ ಎಂಟ್ರಾಗೆ ಏಳು ಪಾಲು ಅಮ್ಮ ಊಂ ಅಂತಾಳೆ ಅನ್ನು. ಒಳ್ಳೇದೇ ಆಯ್ತಲ್ಲ!”

“ಅದು ಅಮ್ಮ ಅನ್ನೋದಲ್ಲವ್ವ, ನೀನು ಅನ್ನಿಸೋದು. ಎಲ್ಡ್ನೇ ಸಲ ಕೇಳೋದೇ ಮೋಸ.”

“ಮೋಸಾನಾ? ನಿನ್ನ ಕಾಲೇಜಿಗೆ ಕಳಿಸ್ಬೇಕಾ ಬ್ಯಾಡ್ವಾ ಅಂತ ಕೇಳ್ದಾಗ ಮೊದಲ್ನೇ ಸಲ ಏನ್ ಬಂತು ಗೊತ್ತೇನ್ಲಾ? ಕೆಂಪು! ಎಲ್ಡ್ನೇದ್ರಾಗೆ ಬಿಳೀದು. ಪೋದುಂ, ಸಾಕು ನಿನ್ನ ಕಣಕ್ಕು ಲೆಕ್ಕ ಎಲ್ಲ, ಎದ್ದೋಗು. ಬೀಜ ಎತ್ತಿಟ್ಟು ಓಗು.”

ಎತ್ತಿಟ್ಟು ಹೋದೆ. ನನ್ನ ಬಿ.ಎ. ನಿಂತಿರುವುದು ಒಂದು ಹೆಚ್ಚಿನ ಕರ್ಪೂರದ ಬಿಲ್ಲೆಯ ಮೇಲೆ ಎಂದು ತಿಳಿದರೆ ಯಾವ ಪದವೀಧರ ತಾನೇ ವಾದ ಮುಂದುವರಿಸುತ್ತಾನೆ?

ಅಷ್ಟರಲ್ಲಿ ಗೌರಿಗೆ ಗಂಡು ಬಂತು. ನಾನೇ ಹುಡುಕಿದ ಗಂಡು. ನಂಗವಳ್ಳಿಯ ಕಡೆಯವನು, ಮೆಟ್ಟೂರಿನಲ್ಲಿ ಏಳುತ್ತಿದ್ದ ಅಣೆಕಟ್ಟೆಯ ಕೆಲಸದಲ್ಲಿ ಗುಮಾಸ್ತ, ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವನು. ಹೆಣ್ಣು ನೋಡಲು ಬಂದವನು ಕಾಫಿ ತಂದ ಗೌರಿಯ ಬೆರಳುಗಳನ್ನು ನೋಡಿ, “ಬೆಳ್ಳೆಲ್ಲಾ ನೂಲಿನ ಗೆರೆ. ಪರವಾಯಿಲ್ಲೆ, ಮಗ್ಗದ ತಾವ ಓಗೋದು ಬಿಟ್ರೆ ಗೆರೆನೂ ಓಯ್ತದೆ” ಎಂದು ನಕ್ಕ. ನಾನೂ ನಕ್ಕೆ. ನನ್ನ ಬೆರಳಿನ ಗೆರೆಗಳೂ ಹಾಗೆಯೇ ಹೋಗಿದ್ದವಲ್ಲ. ಅಪ್ಪ ನಗಲಿಲ್ಲ. ಗೌರಿ ಒಳಗೆ ಹೋದಳು.

ಹೂ ಕೇಳಿಯೇ ಮಾತು ಕೊಡಬೇಕು ಎಂದಳು ಅವ್ವ. ಇಂಥ ಸಂಬಂಧವನ್ನು ಅರ್ಧಕ್ಕರ್ಧ ಸಂಭವದ ಕೈಗೆ ಒಪ್ಪಿಸುವುದೆ? ನನಗೆ ರೇಗಿಹೋಯಿತು. ಆದ್ದರಿಂದ, ತಪ್ಪೊಪ್ಪಿಕೊಳ್ಳುತ್ತೇನೆ, ಪೊಟ್ಟಣ ಕಟ್ಟುವ ಕೆಲಸವನ್ನು ನಾನೇ ವಹಿಸಿಕೊಂಡೆ, ಮತ್ತು ಎರಡರಲ್ಲೂ ಬಿಳಿ ಕಣಗಿಲೆಯನ್ನೇ ಇಟ್ಟೆ. ಅರ್ಧ ಇದ್ದದ್ದು ಒಂದಾಯಿತು. ಕೆಂಪಿನ ಸಂಭವ ಸೊನ್ನೆ. ಎಕ್ಸ್ ಎಂಬ ಹುಚ್ಚುಕುದುರೆಗೆ ಕಡಿವಾಣ ಹಾಕಿದೆನೆಂದು ಹಿಗ್ಗಿ ಸ್ನಾನಕ್ಕೆ ಹೋದೆ. ತಟ್ಟೆ ಹಿಡಿದುಕೊಂಡು ಗುಡಿಗೆ ಬಂದವಳು ಗೌರಿ.

ಪೂಜಾರಿ ಒಂದು ಪೊಟ್ಟಣ ಎತ್ತಿ ನೂಲು ಕಿತ್ತು ಬಿಚ್ಚಿದ. ಕೆಂಪು.

ಸೊನ್ನೆ ಸಂಭವದ ಘಟನೆಯೊಂದು ನನ್ನ ಕಣ್ಣೆದುರಿಗೇ, ದೀಪದ ಬೆಳಕಿನಲ್ಲಿ, ರಕ್ತದ ಬಣ್ಣ ತಾಳಿ ಕೂತಿತ್ತು. ಇದು ಆಗುವುದಕ್ಕೆ ಸಾಧ್ಯವೇ ಇಲ್ಲ ಎಂದು ಕೂಗಬೇಕೆನ್ನಿಸಿತು. ಕೂಗಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಕೊನೆಗೆ ಹೊರಬಂದದ್ದು ಇಷ್ಟೇ: “ಅವ್ವ, ಇನ್ನೊಂದ್ಸಲ ಕೇಳಾನ.”

ಅವ್ವ ನನ್ನತ್ತ ತಿರುಗಿದಳು. “ಎಲ್ಡ್ನೇ ಸಲ ಕೇಳೋದು ಮೋಸ ಅಂತ ನೀನೇ ಅಲ್ವೇನ್ಲಾ ಯೋಳಿದ್ದು? ಬಿ.ಎ. ಓದ್ದೋನು ಯೋಳಿದ್ಮೇಲೆ ಇನ್ನೇನೈತೆ.”

ಸಂಬಂಧ ಅಲ್ಲಿಗೆ ಮುಗಿಯಿತು. ಬಿಚ್ಚದ ಇನ್ನೊಂದು ಪೊಟ್ಟಣವನ್ನು ಕಟ್ಟಳೆಯ ಪ್ರಕಾರ ಗುಡಿಯ ಬಾವಿಗೆ ಹಾಕಿದರು. ನಾನು ನೆಲದ ಮೇಲೆ ಬಿದ್ದಿದ್ದ ಕಿತ್ತ ನೂಲನ್ನು ಸುಮ್ಮನೆ ಕೈಗೆತ್ತಿಕೊಂಡೆ. ಅದರಲ್ಲಿ ಗಂಟೊಂದು ಉಳಿದಿತ್ತು. ನನ್ನ ಮೂಟೆಯ ಗಂಟಲ್ಲ. ಸಾಸಿವೆಕಾಳಿಗಿಂತ ಸಣ್ಣದು.

ಮನೆಗೆ ಬಂದವನೇ ರಾಟೆಯ ಮುಂದಿದ್ದ ಗೌರಿಗೆ ಅದನ್ನು ತೋರಿಸಿದೆ. ಅವಳು ರಾಟೆ ನಿಲ್ಲಿಸದೆಯೇ ನೋಡಿದಳು.

“ನಂದೇ ಗಂಟು. ನೀನು ಕಟ್ಟಿದ್ದ ಬಿಚ್ಚಿ ನೋಡ್ದೆ. ಎಲ್ಡ್ರಾಗೂ ಬಿಳೀದು. ನಾನು ಎಲ್ಡ್ರಾಗೂ ಕೆಂಪು ಆಕ್ದೆ.”

“ದೇವ್ರ ಮುಂದೆ ಮೋಸ ಅಲ್ವೇನೇ ಇದು?”

“ನೀನು ಮಾಡಿದ್ದು ಪೂಜೆಯಾ ಅಣ್ಣಾ?”

ರಾಟೆ ತಿರುಗಿಸುತ್ತಲೇ ಅವಳು ಮುಂದುವರಿಸಿದಳು: “ಅವ್ನು ನನ್ನ ಬೆಳ್ಳು ನೋಡಿ ನಗ್ವಾಗ ನೀನೂ ನಕ್ಕೆ. ಅವ್ವ ಹೂವ ಕೇಳಾನ ಅಂದ್ಳು. ನೀನು ಕಣಕ್ಕು ಕೇಳ್ದೆ. ನನ್ನ ಯಾರು ಕೇಳಿದ್ರಿ?”

ನೂಲಿನ ಗೆರೆ ಬಿದ್ದ ಆ ಬೆರಳುಗಳೇ ನನ್ನ ಪುಸ್ತಕದ ಪುಟಪುಟಕ್ಕೂ ಹರಿದ ಎಳೆಗಳನ್ನು ಗಂಟು ಹಾಕಿದ್ದವು. ಆಗಬಹುದಾದದ್ದನ್ನೆಲ್ಲ ಮೊದಲು ಒಂದೂ ಬಿಡದೆ ಪಟ್ಟಿ ಮಾಡಬೇಕು ಎಂಬುದು ಸಂಭವಗಣಿತದ ಮೊದಲನೆಯ ಪಾಠ. ಹುಣಸೆಬೀಜ ಜೋಡಿಸಿ ಎಂಟು ದಾರಿ ತೋರಿಸಿದವನು ನಾನು. ಗೌರಿ ಒಲ್ಲೆನೆನ್ನಬಹುದು ಎಂಬ ದಾರಿಯನ್ನೇ ಬರೆದಿರಲಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದರು. ಕೊಟ್ಟಹಾಗೇ ಆಯಿತು.

ಅವ್ವನಿಗೆ ಹೇಳಲೋ ಬೇಡವೋ ಎಂದು ಅಡುಗೆಮನೆಯ ಬಾಗಿಲಲ್ಲಿ ಸುಳಿದಾಡಿದೆ. ಅವಳು ತಲೆಯೆತ್ತಲಿಲ್ಲ. “ಗಂಟು ನಾನೂ ನೋಡ್ದೆ ಕಣ್ಲಾ. ಅವ್ಳಿಗೆ ಕಲಿಸಿದ್ದು ಯಾರು ಅಂದ್ಕಂಡೆ? ಅಮ್ಮ ಯೋಳಿದ್ಳು, ಮುಗೀತು. ಯಾರ ಕೈಲಿ ಯೋಳಿಸಿದ್ರೇನು?” ಇಂಥ ದೇವತಾಶಾಸ್ತ್ರದ ಮುಂದೆ ಯಾವ ವಿಶ್ವವಿದ್ಯಾನಿಲಯದ ಗಣಿತ ನಿಲ್ಲುತ್ತದೆ, ನೀವೇ ಹೇಳಿ. ಈಗ ನಾನೇ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ‘ಮೋಸವಿಲ್ಲವೆಂದು ಭಾವಿಸಿ’ ಎಂಬ ಮಾತು ಬಂದಾಗಲೆಲ್ಲ ಗಂಟಲು ಸರಿಪಡಿಸಿಕೊಳ್ಳುತ್ತೇನೆ.

ಮರುವರ್ಷ ಕಾರಿಮಂಗಲಂ ಕಡೆಯಿಂದ ಇನ್ನೊಂದು ಗಂಡು ಬಂತು. ನೇಯುವವನೇ, ಇಂಗ್ಲಿಷು ಒಂದಕ್ಷರ ಬಾರದು. ಹೆಣ್ಣು ನೋಡಲು ಬಂದವನು ಅಪ್ಪನ ಮಗ್ಗದಲ್ಲಿ ಹಾಸಿನ ಎಳೆಯೊಂದು ಹರಿದು ತೂಗುತ್ತಿದ್ದುದನ್ನು ಕಂಡು, ಕಾಫಿ ಪಕ್ಕಕ್ಕಿಟ್ಟು, ಬಗ್ಗಿ ಗಂಟು ಹಾಕಿ, ಮತ್ತೆ ಬಂದು ಕಾಫಿ ಕುಡಿದ. ಗೌರಿ ಆ ಗಂಟನ್ನು ಆಮೇಲೆ ಹೋಗಿ ನೋಡಿದ್ದನ್ನು ನಾನು ನೋಡಿದೆ.

ಅವ್ವ ತಟ್ಟೆ ತೊಳೆದಿಟ್ಟಳು. ಈ ಸಲ ನಾನು ಬುದ್ಧಿವಂತನಾಗಿದ್ದೆ. ನೇರವಾಗಿ ಗೌರಿಯ ಹತ್ತಿರ ಹೋಗಿ ನಿಂತೆ. “ನಿನ್ನೇ ಕೇಳ್ತಾ ಇವ್ನಿ. ಏನಂತೀಯೇ?”

ಅವಳು ನನ್ನ ಮುಖ ನೋಡಲಿಲ್ಲ. “ನಂಗೇನು ಗೊತ್ತು? ಹೂವ ಕೇಳಿ. ಪೊಟ್ಟಣ ನಾನೇ ಕಟ್ತೀನಿ. ನೀನು ಓಗಿ ಹೂವ ತಗೊಂಡ್ಬಾ.”

“ಯಾವ್ದು ತರ್ಲಿ?”

“ಬಿಳೀದು,” ಎಂದಳು. ಬೀದಿಗೇ ಮೊದಲನೆಯ ಬಿ.ಎ. ಬುಟ್ಟಿ ಹಿಡಿದು ಬಾವಿಕಟ್ಟೆಯ ಕಡೆ ಹೊರಟಾಗ ಹಿಂದಿನಿಂದ ಕೂಗಿ ಹೇಳಿದಳು: “ಎಲ್ಡಕ್ಕೂ ಆಗೋಷ್ಟು ತಾ, ಅಣ್ಣಾ!”