ಅತ್ತೆಯ ಎಡಗಣ್ಣು

ಆಗ ನಾನು ಅಮೀರ್‌ಪೇಟ್‌ನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಜಾವಾ ಕಲಿಸುತ್ತಿದ್ದೆ. ಒಂದು ಬ್ಯಾಚು ಏಳುವುದರೊಳಗೆ ಇನ್ನೊಂದು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ ಕಾಲ. ತಾರ್ನಾಕದ ನಮ್ಮ ಮನೆ ನಡೆಯುತ್ತಿದ್ದದ್ದು ಅತ್ತೆಯಿಂದ. ಎಪ್ಪತ್ತು ದಾಟಿದ್ದರೂ ಅಡುಗೆಮನೆ ಬಿಟ್ಟುಕೊಟ್ಟಿರಲಿಲ್ಲ.

ಆ ಚಳಿಗಾಲದಲ್ಲಿ ಅವರಿಗೆ ಎಡಗಡೆ ಕಣತಲೆ ನೋಯತೊಡಗಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು.

"ನಾಕ್ ತುತ್ತು ಅಗಿಯೋದ್ರಾಗ ದವಡಿ ಸೋಲತೈತಿ. ಸುಮ್ನ ಕುಂತ್ರ ಕಡಿಮಿ ಆಕ್ಕೈತಿ" ಎಂದರು.

ಹಲ್ಲುನೋವೇ ಎಂದು ಅವರೇ ಹೇಳಿದ್ದಕ್ಕೆ ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಬಾಚಣಿಗೆ ತಾಗಿದರೆ ತಲೆ ಉರಿಯುತ್ತದೆ ಎಂದು ಕೂದಲನ್ನು ಕೈಯಿಂದಲೇ ಸವರಿ ಗಂಟು ಕಟ್ಟಿಕೊಳ್ಳುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆ. ಬರೆಯಲು ಈಗ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು.

"ಎಡಗಣ್ಣಿಗೆ ಪರದೆ ಬಿಟ್ಟಂಗಾತು. ಈಗ ಹೋತು. ನೀ ಕ್ಲಾಸಿಗಿ ಹೋಗವಾ."

"ಮೊದಲೂ ಹಿಂಗ ಆಗಿತ್ತೇನ್ರಿ ಅತ್ತಿ?"

"ನಿನ್ನೆ ಎರಡು ಸಲ."

ಆಟೋ ಹಿಡಿದೆವು. ಸಿಗ್ನಲ್ಲಿನಲ್ಲಿ ನಿಂತಾಗ ಅವರ ಬಲಗಣ್ಣು ಮುಚ್ಚಿಸಿ ಬೆರಳು ತೋರಿಸಿದೆ. "ಎರಡು" ಎಂದರು. ಸರಿಯಾಗಿತ್ತು. ಆಸ್ಪತ್ರೆಯ ಗೇಟಿನ ಹತ್ತಿರ ಮತ್ತೆ ತೋರಿಸಿದೆ.

"ಕೈ ಎಲ್ಲಿ ಹಿಡದಿ?" ಎಂದರು. ನನ್ನ ಕೈ ಅವರ ಮುಖದ ಮುಂದೆಯೇ ಇತ್ತು.

ಕಣ್ಣಿನ ಡಾಕ್ಟರಮ್ಮ ಮೊದಲು ಕಣತಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಅಲ್ಲಿನ ರಕ್ತನಾಳ ಹುರಿಯಂತೆ ಗಟ್ಟಿಯಾಗಿ ಉಬ್ಬಿತ್ತು. ಅಗಿಯುವಾಗ ನೋವೇ, ಬಾಚುವಾಗ ನೋವೇ ಎಂದು ತೆಲುಗಿನಲ್ಲಿ ಕೇಳಿದರು. ಅತ್ತೆಗೆ ಕನ್ನಡದಲ್ಲಿ ಹೇಳುವ ಮೊದಲೇ ಪ್ರತಿಯೊಂದರ ಉತ್ತರವೂ ನನಗೆ ಗೊತ್ತಿತ್ತು.

ರಕ್ತನಾಳಗಳು ಉರಿಯೂತದಿಂದ ಊದಿ ಕಣ್ಣಿಗೆ ಹೋಗುವ ರಕ್ತ ನಿಂತಿದೆ ಎಂದರು ಅವರು. ತಡ ಮಾಡಿದರೆ ಇನ್ನೊಂದು ಕಣ್ಣೂ ಹೋಗಬಹುದು. ಸ್ಟೀರಾಯ್ಡ್ ಈಗಲೇ ಶುರುವಾಗಬೇಕು. ನಾಳದ ಚೂರು ತೆಗೆದು ಪರೀಕ್ಷಿಸುವುದು ಆಮೇಲೆ.

"ಇವರಿಗೆ ಸಕ್ಕರೆ ಕಾಯಿಲೆ ಇದೆ" ಎಂದೆ.

"ಸ್ಟೀರಾಯ್ಡಿನಿಂದ ಸಕ್ಕರೆ ಏರಿದರೆ ಇಳಿಸಬಹುದಮ್ಮ. ಹೋದ ಕಣ್ಣನ್ನು ತರಲಾಗುವುದಿಲ್ಲ."

ಡ್ರಿಪ್ಪು ಮೂರು ದಿನ ನಡೆಯಿತು. ಎರಡನೆಯ ದಿನಕ್ಕೇ ತಲೆನೋವು ಹೋಯಿತು. ಬೆಳಿಗ್ಗೆ ಎದ್ದ ಕೂಡಲೇ ಬಲಗಣ್ಣಿನ ಮುಂದೆ ಬೆರಳು ಹಿಡಿಯುತ್ತಿದ್ದೆ. ಅವರು ಎಣಿಸಿ ಹೇಳಿದ ಮೇಲೆಯೇ ಕೈ ಇಳಿಸುತ್ತಿದ್ದೆ. ಆ ಕಣ್ಣು ಉಳಿಯಿತು. ಎಡಗಣ್ಣು ಮರಳಲಿಲ್ಲ. ನಾಳದ ಪರೀಕ್ಷೆಯೂ ಅದೇ ಕಾಯಿಲೆ ಎಂದಿತು.

ಗುಳಿಗೆಗಳನ್ನು ಕಡಿಮೆ ಮಾಡುತ್ತಾ ಹೋಗಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಮುಖ ಊದಿತು, ಇನ್ಸುಲಿನ್ ಬೇಕಾಯಿತು. ಒಂದು ಮಧ್ಯಾಹ್ನ ಅತ್ತೆ ಚಹಾ ಬಗ್ಗಿಸುವಾಗ ಒಂದೇ ಕಣ್ಣಿಗೆ ಅಳತೆ ಸಿಗದೆ ಅರ್ಧ ಕಪ್ಪು-ಬಸಿಯ ಹೊರಗೆ ಚೆಲ್ಲಿತು.

"ನಾನು ಮೊದಲ ಕರಕೊಂಡು ಹೋಗಬೇಕಿತ್ರಿ" ಎಂದೆ.

"ನಾನ ಹಲ್ಲುನೋವು ಅಂದಿದ್ದೆ. ಬಟ್ಟಿ ಕೊಡಿಲ್ಲಿ" ಎಂದು ಅಡುಗೆಕಟ್ಟೆಯನ್ನು ತಾವೇ ಒರೆಸಿದರು.