ಗುಂಡಿ ಅಲ್ಲ, ಗುಂಡೆ

ಜೇವರ್ಗಿ ಕಡೆಯಿಂದ ತೆಲುಗು ಸೀಮೆಯ ನಮ್ಮ ಸನತ್‌ನಗರದ ಮನೆಗೆ ಬಂದಿದ್ದ ಅವ್ವ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದೆ ಒತ್ತಿಕೊಂಡು ಕೂತುಬಿಟ್ಟಳು. ಮೈಯೆಲ್ಲ ಬೆವರು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆ.

ಕೌಂಟರಿನಲ್ಲಿ ಹೆಸರು ಬರೆಸಿ ಬರುವಷ್ಟರಲ್ಲಿ ನರ್ಸ್ ಅವಳನ್ನು ಬೆಂಚಿನ ಮೇಲೆ ಕೂರಿಸಿ ಗ್ಯಾಸಿನ ಗುಳಿಗೆ ಕೊಟ್ಟಿದ್ದಳು. 'ಗುಂಡೆಲೋ ನೊಪ್ಪಿ ಉಂದಾ' ಎಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸಿದರು ಎಂದಳು ತೆಲುಗಿನಲ್ಲಿ.

ನನಗೆ ಸಿಟ್ಟೇ ಬಂತು. "ಯಾಕ ಇಲ್ಲಂದಿ?" ಎಂದೆ ಅವ್ವನಿಗೆ.

"ಗುಂಡಿ ಕೇಳಿದಳು ಯವ್ವಾ. ನನ್ನ ಕುಪ್ಪಸಕ್ಕ ಗುಂಡಿ ಎಲ್ಲ್ಯಾವ? ಹುಕ್ಕ ಅದಾವ."

ತೆಲುಗಿನ ಗುಂಡೆ ಎಂದರೆ ಹೃದಯ, ನೊಪ್ಪಿ ಎಂದರೆ ನೋವು. ನಮ್ಮ ಗುಂಡಿ ಅಂಗಿಯ ಬಟನ್. ಆ ಸಣ್ಣ ಸಂದಿಯಲ್ಲಿ ನನ್ನ ಅವ್ವ ಜಾರಿಹೋಗುತ್ತಿದ್ದಳು. "ಗುಂಡೆಲೋನೇ ನೊಪ್ಪಿ" ಎಂದು ಕೂಗಿದೆನೋ ಅತ್ತೆನೋ ನೆನಪಿಲ್ಲ. ಸ್ಟ್ರೆಚರ್ ಬಂತು, ಅವಳನ್ನು ಒಳಗೊಯ್ದು ಬಾಗಿಲು ಹಾಕಿಕೊಂಡರು.

ಹೊರಗೆ ಕೂತು ಬೇರೇನೂ ತೋಚದೆ ಆ ಮಾತನ್ನೇ ತಿರುವಿ ಮುರುವಿ ನೋಡಿದೆ. ಗುಂಡು, ಗುಂಡಿ, ಗುಂಡೆ, ಎಲ್ಲ ದುಂಡಗಿರುವುದರ ಮಕ್ಕಳೇ ಇರಬೇಕು. ಆಗ ಹೊಳೆಯಿತು, ನಮ್ಮಲ್ಲೂ ಗುಂಡಿಗೆ ಇದೆಯಲ್ಲ. ಆದರೆ ನೋವಾದರೆ ಎದೆ ಎನ್ನುತ್ತೇವೆ, ಗುಂಡಿಗೆಯನ್ನು ಧೈರ್ಯಕ್ಕೆ ಇಟ್ಟುಕೊಂಡಿದ್ದೇವೆ. ಅಪ್ಪ ಹೋದ ಮೇಲೆ ಒಬ್ಬಳೇ ಸಂಸಾರ ತೂಗಿಸಿದ ಅವ್ವನನ್ನು ಊರವರು "ಗುಂಡಿಗಿ ಇದ್ದ ಹೆಣಮಗಳು" ಎನ್ನುತ್ತಿದ್ದರು. ಆ ಗುಂಡಿಗೆ ಒಳಗೆ ಬಡಿಯುತ್ತಿದೆಯೋ ಇಲ್ಲವೋ ಎಂದು ನಾನು ಹೊರಗೆ ನಡುಗುತ್ತಿದ್ದೆ. ಮಗಳಿಗೆ ಅದರಲ್ಲಿ ಪಾಲು ಬಂದಿರಲಿಲ್ಲ.

ಅವ್ವ ಉಳಿದಳು. ಈಗ ಹೊತ್ತು ಹೊತ್ತಿಗೆ ಗುಳಿಗೆ ನುಂಗುತ್ತ ನಮ್ಮಲ್ಲೇ ಇದ್ದಾಳೆ. ಮೊನ್ನೆ ನಾನು ಒಲೆಯ ಮುಂದಿದ್ದಾಗ ಒಳಕೋಣೆಯಿಂದ ಅವಳ ದನಿ ಬಂತು: "ಗುಂಡಿ ಹೋಗೇತಿ, ಬಾ ಇಲ್ಲಿ."

ಸೌಟು ಎಸೆದು ಓಡಿದೆ. ಅವಳು ಕಿಟಕಿಯ ಬಳಿ ಕೂತು, ತೊಡೆಯ ಮೇಲೆ ನನ್ನ ಗಂಡನ ಅಂಗಿ ಹರವಿಕೊಂಡು ಸೂಜಿ ಹುಡುಕುತ್ತಿದ್ದಳು.

"ಯಾಕ, ಏನಾತು?" ಎಂದಳು ನನ್ನ ಮುಖ ನೋಡಿ.

ಏನಿಲ್ಲವೆಂದು ನಾನೇ ಸೂಜಿ ಹುಡುಕಿ ತೆಗೆದುಕೊಂಡೆ. ಎಷ್ಟು ಸಲ ಪೋಣಿಸಲು ಹೋದರೂ ದಾರ ಸೂಜಿಯ ಕಣ್ಣಿಗೆ ಹೊಗಲಿಲ್ಲ. ಕೊನೆಗೆ ಅವಳೇ ಇಸಿದುಕೊಂಡು ಪೋಣಿಸಿದಳು.